ನೊರೀನಳ ಸ್ನಾನ

ನಮ್ಮಕ್ಕ ನೊರೀನ್ ಮೀನಿನ ವಾಸನೆಗೆ ಹೆದರಿದಷ್ಟು ದೇವರಿಗೂ ಹೆದರಿದವಳಲ್ಲ. ಇಂಗ್ಲೆಂಡಿನ ಮೀನುಬಂದರು ಗ್ರಿಮ್ಸ್‌ಬಿಯಲ್ಲಿ ಹುಟ್ಟಿದವಳಿಗೆ ಇದು ಹೇಳಿ ಮಾಡಿಸಿದ ಭಯವಲ್ಲ. ಇಲ್ಲಿ ಗಾಳಿ ತಿರುಗಿತೆಂದರೆ ಚರ್ಚಿನೊಳಗೂ ಮೀನು ನಾರುತ್ತದೆ. ಶಾಲೆ ಬಿಟ್ಟ ಬೇಸಿಗೆಯಲ್ಲೇ ಅವಳು ಹಡಗುಕಟ್ಟೆಯ ಪಕ್ಕದ ಮೀನಿನ ಕಾರ್ಖಾನೆಗೆ ಸೇರಿದಳು, ಆಮೇಲೆ ಅವಳ ಬೆನ್ನಿಗೇ ನಾನು. ಐಸು ತೇಲುವ ನೀರಿನಲ್ಲಿ ಕೈ ಅದ್ದಿಕೊಂಡು ದಿನವಿಡೀ ಹ್ಯಾಡಕ್ ಮೀನು ಸೀಳಿ ಮುಳ್ಳು ಬಿಡಿಸುವುದು ನಮ್ಮ ಕೆಲಸ. ನನಗೆ ಆ ವಾಸನೆ ಒಗ್ಗಿಹೋಯಿತು. ಅವಳಿಗೆ ಒಗ್ಗಲಿಲ್ಲ.

ಒಂದು ಶನಿವಾರ ಡ್ಯಾನ್ಸಿಗೆ ಹೋಗಿದ್ದಾಗ ಒಬ್ಬ ಹುಡುಗ ಅವಳ ಕೈ ಹಿಡಿದು, ಮೂಸಿ ನೋಡಿ, ಗೆಳೆಯರ ಕಡೆ ತಿರುಗಿ ಮೂಗು ಮುಚ್ಚಿಕೊಂಡು ನಕ್ಕಿದ್ದ. ನೊರೀನ್ ಮನೆಗೆ ಬಂದು, ನಿಂಬೆಹಣ್ಣು ಹೆಚ್ಚಿ ಮೊಣಕೈವರೆಗೂ ತಿಕ್ಕಿಕೊಂಡು, ಬಿಸಿನೀರು ತುಂಬಿದ ಟಬ್ಬಿನಲ್ಲಿ ಕೂತಳು. ಅಲ್ಲಿಂದ ಮುಂದೆ ಒಂದು ಸಂಜೆಯೂ ಅದನ್ನು ತಪ್ಪಿಸಲಿಲ್ಲ. ಮದುವೆಯಾದ ಮೇಲೂ ಅವಳು ಟಬ್ಬಿನಿಂದ ಎದ್ದು ಬರುವವರೆಗೆ ಕೀತ್ ಭಾವ ಅವಳನ್ನು ಮುಟ್ಟುವ ಹಾಗಿರಲಿಲ್ಲ. ಬಂದ ಮೇಲೆ ಅವಳೇ ಕೈ ಚಾಚುತ್ತಿದ್ದಳು, ಅವನು ಮೂಸಿ ನೋಡಿ "ನಿಂಬೆ" ಎನ್ನಬೇಕು. ಬಸ್ಸು ಓಡಿಸಿಕೊಂಡಿದ್ದ ಮೆತ್ತನೆಯ ಮನುಷ್ಯ ಅವನು. "ಈ ಮನೇಲಿ ಮೊದಲ್ನೇ ಗಂಡ ಟಬ್ಬು, ನಾನು ಎರಡನೇಯವ್ನು" ಎಂದು ನಗುತ್ತಿದ್ದ.

ಕೆಲಸದಿಂದ ನಿವೃತ್ತಳಾಗಿ ವರ್ಷಗಳು ಕಳೆದರೂ ನೊರೀನ್ ಆ ಸ್ನಾನ ಬಿಡಲಿಲ್ಲ. ಕಾಯಿಲೆಯ ಹೆಸರು ಡಾಕ್ಟರ ಬಾಯಿಂದ ಬಂದ ದಿನ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನ್ನ ಕೈ ಹಿಡಿದು ಅವಳು ಕೇಳಿಕೊಂಡದ್ದೂ ಅದನ್ನೇ.

"ಪೆಟ್ಟಿಗೇಲಿ ಮಲಗ್ಸೋ ದಿನಾನೂ ನಾನು ಮೀನು ನಾರಬಾರ್ದು ಪಾಲೀನ್. ಮಾತು ಕೊಡು."

ಕೊಟ್ಟೆ. ಆಗ ಅದು ನನ್ನಿಂದಾಗದ ಮಾತು ಎಂದು ಅನ್ನಿಸಿರಲಿಲ್ಲ.

ಮೋಟಾರ್ ನ್ಯೂರಾನ್ ಕಾಯಿಲೆ. ನರಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ಮೊದಲು ಕೈ, ಆಮೇಲೆ ಕಾಲು, ಮಾತು, ಕೊನೆಗೆ ಉಸಿರು. ಬುದ್ಧಿ ಮಾತ್ರ ಕೂತು ಎಲ್ಲವನ್ನೂ ನೋಡುತ್ತಿರುತ್ತದೆ. ನೊರೀನಳಿಗೆ ಟೀ ಲೋಟ ಹಿಡಿಯಲಾಗದ ಹೊತ್ತಿಗೆ ಊರಿನ ಕೌನ್ಸಿಲ್ಲಿನವರು ಟ್ಯಾಮ್ಸಿನ್ ಎಂಬ ಹುಡುಗಿಯನ್ನು ಕಳಿಸಿದರು.

ನೋಡಿದ ಕೂಡಲೇ ನನಗೆ ಅವಳು ಹಿಡಿಸಲಿಲ್ಲ. ಬೆನ್ನಿಗೆ ಶಾಲೆಯ ಮಕ್ಕಳ ಹಾಗೆ ಚೀಲ, ಮೂಗಿನಲ್ಲಿ ಸಣ್ಣ ರಿಂಗು, ಕೊರಳಲ್ಲಿ 'ಆಕ್ಯುಪೇಷನಲ್ ಥೆರಪಿಸ್ಟ್' ಎಂದು ಬರೆದ ಗುರುತಿನ ಚೀಟಿ. ಕಾಲೇಜು ಮುಗಿಸಿ ಹಿಡಿದ ಮೊದಲ ಕೆಲಸವಂತೆ. ಟೀ ಕೊಟ್ಟರೆ ಬೇಡ ಎಂದು ತನ್ನ ಬಾಟಲಿಯ ನೀರನ್ನೇ ಕುಡಿದಳು. ನಮ್ಮ ಕಡೆ ಟೀ ಬೇಡ ಎಂದವರನ್ನು ಎರಡನೇ ಸಲ ಕರೆಯುವುದಿಲ್ಲ.

"ಏನಮ್ಮ, ನಮ್ಮವಳಿಗೆ ಕೆಲ್ಸ ಕೊಡ್ಸೋಕೆ ಬಂದ್ಯಾ?" ಎಂದು ಭಾವ ಆ ಚೀಟಿ ಓದಿ ಕೇಳಿದ. "ಅವಳ್ದು ರಿಟೈರ್ ಆಯ್ತಲ್ಲ."

"ಎಲ್ಲಾ ಮನೇಲೂ ಇದನ್ನೇ ಕೇಳ್ತಾರೆ" ಎಂದು ಹುಡುಗಿ ಕೆಂಪಾದಳು. "ದಿನಾ ನೀವು ಮಾಡ್ಕೊಳ್ಳೋ ಕೆಲ್ಸಗಳಿರ್ತಾವಲ್ಲ, ಏಳೋದು, ಕೂರೋದು, ತಿನ್ನೋದು... ಕಾಯ್ಲೆ ಬಂದ್ರೂ ಅವೆಲ್ಲ ಮನೇಲೇ ನಡೀಬೇಕು. ಅದಕ್ಕೆ ಏನ್ ಬೇಕೋ ಹೊಂದಿಸಿಕೊಡೋದು ನನ್ ಕೆಲ್ಸ."

ಆಮೇಲೆ ಹಳದಿ ಟೇಪು ತೆಗೆದು ಅಳೆಯತೊಡಗಿದಳು. ಕುರ್ಚಿಯ ಎತ್ತರ, ಮಂಚದ ಎತ್ತರ, ಬಾಗಿಲುಗಳ ಅಗಲ, ನೊರೀನಳ ಮಂಡಿಯಿಂದ ಹಿಮ್ಮಡಿವರೆಗೆ. ಒಂದೊಂದನ್ನೂ ಎರಡೆರಡು ಸಲ. ದರ್ಜಿಯೂ ಇಷ್ಟು ಅಳೆಯುವುದಿಲ್ಲ.

"ಶವಪೆಟ್ಟಿಗೆಗೂ ಈಗ್ಲೇ ಅಳತೆ ತಗೊಂಡ್ಬಿಡು ಮರಿ" ಎಂದಳು ನೊರೀನ್. "ಒಂದೇ ಖರ್ಚಲ್ಲಿ ಆಗಿಹೋಗ್ಲಿ."

ಹುಡುಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನೆಲದ ಮೇಲೇ ಕೂತು ತಲೆ ಎತ್ತಿ ಕೇಳಿದಳು: "ನೊರೀನ್, ಇಡೀ ದಿನದಲ್ಲಿ ನೀವು ಬಿಡೋಕೇ ಆಗಲ್ಲ ಅನ್ನೋದು ಯಾವ್ದು?"

"ಸ್ನಾನ."

ಕಾಯಿಲೆ ಬಂದಾಗಿನಿಂದ ಹತ್ತಾರು ಜನ ಬಂದು ಹೋಗಿದ್ದರು, ಯಾರೂ ಅದನ್ನು ಕೇಳಿರಲಿಲ್ಲ. ಅಷ್ಟರಮಟ್ಟಿಗೆ ಅವಳನ್ನು ಒಪ್ಪಿಕೊಳ್ಳಲೇಬೇಕಾಯಿತು. ಅಕ್ಕ ಡ್ಯಾನ್ಸಿನ ಹುಡುಗನ ಕಥೆಯಿಂದ ಹಿಡಿದು ನಿಂಬೆಹಣ್ಣಿನವರೆಗೆ ಎಲ್ಲ ಹೇಳಿದಳು. ಹುಡುಗಿ ಟೇಪನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

ಮರುವಾರವೇ ಬ್ಯಾಟರಿಯಿಂದ ನಡೆಯುವ ಒಂದು ಕುರ್ಚಿ ಬಂತು. ಟಬ್ಬಿನ ಅಂಚಿನ ಮಟ್ಟಕ್ಕೆ ಅದರ ಮೇಲೆ ಕೂತು ಗುಂಡಿ ಒತ್ತಿದರೆ ಮೆಲ್ಲಗೆ ನೀರಿನೊಳಗೆ ಇಳಿಸುತ್ತದೆ, ಮತ್ತೆ ಒತ್ತಿದರೆ ಮೇಲೆತ್ತುತ್ತದೆ. ಮೊದಲ ಸಂಜೆ ನೊರೀನ್ ಕುತ್ತಿಗೆವರೆಗೆ ನೀರಿನಲ್ಲಿ ಕೂತು, ರಾಣಿಯ ಹಾಗೆ ಗುಂಡಿ ಒತ್ತಿಸಿಕೊಂಡು ಮೇಲೆ ಕೆಳಗೆ ಹೋಗಿ ಬಂದಳು. ನಕ್ಕು ನಕ್ಕು ಕೆಮ್ಮು ಬಂತು. ಟ್ಯಾಮ್ಸಿನ್ ಬಾಗಿಲ ಹೊರಗೆ ನಿಂತು ತಾನೂ ನಗುತ್ತಿದ್ದಳು. ಆ ಬೇಸಿಗೆಯೆಲ್ಲ ಹಾಗೇ ನಡೆಯಿತು. ನಮ್ಮ ಪಾಲಿಗೆ ಅದೇ ಕೊನೆಯ ಒಳ್ಳೆಯ ಕಾಲ.

ಎಲೆಗಳು ಉದುರತೊಡಗಿದಾಗ ಟ್ಯಾಮ್ಸಿನ್ ಹೊಸ ಮಾತು ತಂದಳು. ಟಬ್ಬು ತೆಗೆಸಬೇಕು ಎಂದಳು.

ಟಬ್ಬಿನ ಜಾಗದಲ್ಲಿ ಹೊಸ್ತಿಲಿಲ್ಲದ ಸಮತಟ್ಟು ನೆಲ, ಗೋಡೆಗೆ ಶವರು, ನೀರು ಹರಿದುಹೋಗಲು ಮೂಲೆಗೆ ಇಳಿಜಾರು. ಚಕ್ರದ ಕುರ್ಚಿಯಲ್ಲಿ ಕೂರಿಸಿ ನೇರ ಒಳಗೆ ತಳ್ಳಿಕೊಂಡು ಹೋಗಿ ಸ್ನಾನ ಮಾಡಿಸಬಹುದು. ಕೌನ್ಸಿಲ್ ಮಂಜೂರು ಮಾಡಿದೆ, ಕೆಲಸದವರು ಸೋಮವಾರ ಬರುತ್ತಾರೆ.

"ಇನ್ನೂ ಟಬ್ಬಲ್ಲಿ ಕೂರ್ತಿದೀನಲ್ಲ ಮರಿ" ಎಂದಳು ನೊರೀನ್. ನಾಲಿಗೆ ಆಗಲೇ ದಪ್ಪವಾಗಿತ್ತು.

"ಕೂರ್ತಿದೀರ. ಆದ್ರೆ ಬೆನ್ನು ಸೋತ್ಮೇಲೆ ಆ ಕುರ್ಚಿ ನಿಮ್ಮನ್ನ ಹಿಡಿದಿಡಲ್ಲ. ಈಗ ಬೇಡ ಅಂದ್ರೆ ನಮ್ ಸರದಿ ಬೇರೆಯವ್ರಿಗೆ ಹೋಗುತ್ತೆ, ಮತ್ತೆ ಬರೋದು ಚಳಿಗಾಲ ಕಳೆದ್ಮೇಲೆ. ಅಷ್ಟೊತ್ತಿಗೆ ನಿಮ್ಗೆ ಯಾವ ಸ್ನಾನಾನೂ ಇಲ್ದಂಗಾಗುತ್ತೆ ನೊರೀನ್. ಅದಾಗ್ಬಾರ್ದು ಅಂತಾನೇ ಹೇಳ್ತಿದೀನಿ."

ಭಾವ ನನ್ನ ಮುಖ ನೋಡಿದ, ನಾನು ಕಿಟಕಿ ನೋಡಿದೆ. ಹುಡುಗಿ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ನೊರೀನ್ ಕೊನೆಗೆ "ಆಗ್ಲಿ" ಎಂದಳು. ಆ ಭಾನುವಾರ ಸಂಜೆ ನೀರು ತಣ್ಣಗಾಗಿ ತುಟಿ ನೀಲಿಯಾದರೂ ಅವಳು ಟಬ್ಬಿನಿಂದ ಏಳಲು ಒಪ್ಪಲಿಲ್ಲ. ಮೂರು ಸಲ ಬಿಸಿನೀರು ಸೇರಿಸಿದೆ.

ಕೆಲಸದವರು ಟಬ್ಬು ಕಿತ್ತರು. ಸಾಗಿಸಿಕೊಂಡು ಹೋಗಲು ಭಾವ ಬಿಡಲಿಲ್ಲ, ಹಿತ್ತಲಿನ ಗೋಡೆಗೆ ತಾಗಿಸಿ ಇಡಿಸಿದ. ಟಬ್ಬಿನ ಕೆಳಗೆ ನೋಡಿದರೆ ನೆಲದ ಮರವೆಲ್ಲ ಕೊಳೆತು ಪುಡಿಯಾಗಿತ್ತು. ಎಷ್ಟು ವರ್ಷಗಳ ನೀರು ಕುಡಿದಿತ್ತೋ. ಇದು ನಮ್ಮ ಲೆಕ್ಕದಲ್ಲಿಲ್ಲ ಎಂದು ಕೆಲಸದವರು ಕೈ ಕೊಡವಿ ಹೋದರು. ಮತ್ತೆ ಒಬ್ಬ ಬಂದು ನೋಡಬೇಕು, ಇನ್ನೊಬ್ಬ ಒಪ್ಪಬೇಕು, ಮತ್ತೊಬ್ಬ ಮರ ತರಬೇಕು. ಟ್ಯಾಮ್ಸಿನ್ ನಮ್ಮ ಅಡುಗೆಮನೆಯಲ್ಲಿ ನಿಂತು ಯಾರು ಯಾರಿಗೋ ಫೋನ್ ಮಾಡುತ್ತಿದ್ದಳು. ಮೊದಲು ಮೆತ್ತಗೆ ಮಾತಾಡುತ್ತಿದ್ದವಳು ಬರಬರುತ್ತಾ ಜಗಳಕ್ಕೇ ನಿಲ್ಲುತ್ತಿದ್ದಳು. "ಅವ್ರ ಹತ್ರ ಅಷ್ಟು ಟೈಮಿಲ್ಲ ಸಾರ್" ಎಂದು ಒಂದು ದಿನ ಕಿರುಚಿದ್ದು ಮುಂದಿನ ಕೋಣೆಯಲ್ಲಿದ್ದ ನೊರೀನಳಿಗೂ ಕೇಳಿಸಿತು.

ಅಷ್ಟು ದಿನ ಬೋಗುಣಿಯ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುವುದೇ ಸ್ನಾನ. ನಾನು ಒರೆಸುವಾಗ ನೊರೀನ್ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಒಂದು ದಿನ ಏನೋ ಅಂದಳು. ಅವಳ ಮಾತು ಆಗ ನನಗೆ ಮತ್ತು ಭಾವನಿಗೆ ಬಿಟ್ಟು ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

"ನಾರ್ತಿದೀನಿ."

"ಇಲ್ಲ ಕಣೇ. ಸೋಪಿನ ವಾಸ್ನೆ ಬರ್ತಿದೆ."

"ಮೀನು."

ಅವಳ ಅಂಗೈ, ಕುತ್ತಿಗೆ, ಕೂದಲು ಎಲ್ಲ ಮೂಸಿದೆ. ನನ್ನ ಮೂಗು ನೆಟ್ಟಗಿದೆ, ನಲವತ್ತು ವರ್ಷ ಮೀನಿನ ಜೊತೆ ಕಳೆದ ಮೂಗು ಅದು. ಮೀನಿನ ಸುಳಿವೂ ಇರಲಿಲ್ಲ. ದಿನಾ ಹೇಳಿದೆ, ಆಣೆ ಹಾಕಿದೆ. ಅವಳು ನಂಬಲಿಲ್ಲ. ಯಾರಾದರೂ ನೋಡಲು ಬಂದರೆ ಮುಖ ಗೋಡೆಗೆ ತಿರುಗಿಸಲು ಹೇಳುತ್ತಿದ್ದಳು. ಭಾವ ಹತ್ತಿರ ಬಂದರೂ ಅವಳ ಕಣ್ಣು 'ದೂರ ಹೋಗು' ಎನ್ನುತ್ತಿತ್ತು. ನನಗೆ ತಡೆಯಲಾಗದೆ ಹೋದದ್ದು ಅದು, ಕಾಯಿಲೆಯಲ್ಲ.

ಕೊನೆಗೂ ಸ್ನಾನದ ಕೋಣೆ ಮುಗಿಯಿತು. ಬಿಳಿ ಗೋಡೆ, ಬೂದು ನೆಲ, ಕಣ್ಣು ಕುಕ್ಕುವ ನಲ್ಲಿ. ಟ್ಯಾಮ್ಸಿನ್ ಚಕ್ರದ ಕುರ್ಚಿ ತಂದಳು. ನಾವು ಮೂವರೂ ಸೇರಿ, ಮಂಚದ ಪಕ್ಕದ ಎತ್ತುವ ಯಂತ್ರದಿಂದ ನೊರೀನಳನ್ನು ಎತ್ತಿ ಅದರಲ್ಲಿ ಕೂರಿಸಿದೆವು. ಹುಡುಗಿಗೆ ಒಂದು ಅಭ್ಯಾಸವಿತ್ತು. ಮಾಡುವ ಪ್ರತಿಯೊಂದನ್ನೂ ಮೊದಲು ಹೇಳಿಯೇ ಮಾಡುತ್ತಿದ್ದಳು. "ನೊರೀನ್, ಈಗ ಎತ್ತುತೀನಿ. ನೊರೀನ್, ಈಗ ತಿರುಗಿಸ್ತೀನಿ. ಎಡಗಾಲು ಮುಟ್ತಿದೀನಿ." ಕೋಣೆಯೊಳಗೆ ಹೋಗಿ ನೀರು ಬಿಡುವಷ್ಟರಲ್ಲಿ ಅಕ್ಕನ ಕತ್ತು ಎದೆಗೆ ಬಿತ್ತು, ಮುಖ ಕಪ್ಪಿಟ್ಟಿತು. ಕುತ್ತಿಗೆಗೆ ತಲೆ ಹೊರುವ ಶಕ್ತಿ ಹೋಗಿತ್ತು. ಅವಸರದಲ್ಲಿ ಹೊರಗೆ ತಂದು ಮಲಗಿಸಿದೆವು.

ಹಿಂದಕ್ಕೆ ಒರಗುವ ಕುರ್ಚಿ ತರಿಸುತ್ತೇನೆ ಎಂದಳು ಟ್ಯಾಮ್ಸಿನ್. ಎಲ್ಲೆಲ್ಲಿಗೆ ಓಡಿದಳೋ, ಬೇಗನೇ ತರಿಸಿದಳು. ಅದರಲ್ಲಿ ಒರಗಿಸಿದರೆ ತಲೆ ನಿಂತಿತು, ಉಸಿರು ನಿಲ್ಲತೊಡಗಿತು. ಎದೆಯ ನರಗಳೂ ಸೋತಿದ್ದರಿಂದ ನೆಟ್ಟಗೆ ಕೂತರೆ ಮಾತ್ರ ಅವಳಿಗೆ ಗಾಳಿ ಸಿಗುತ್ತಿತ್ತು. ಒರಗಿದರೆ ಉಸಿರಿಲ್ಲ, ಕೂತರೆ ಕತ್ತಿಲ್ಲ. ಸ್ನಾನದ ಕೋಣೆಯ ಬಾಗಿಲಲ್ಲೇ ನೊರೀನ್ ನನ್ನನ್ನು ನೋಡಿದಳು. ಸಾಕು ಎಂದು ನನಗೆ ಗೊತ್ತಾಯಿತು.

ಮಂಚಕ್ಕೆ ಸೇರಿಸಿ ಆದ ಮೇಲೆ ಅಡುಗೆಮನೆಯಲ್ಲಿ ಹುಡುಗಿಯನ್ನು ಹಿಡಿದು ನಿಲ್ಲಿಸಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

"ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ. ಚೆನ್ನಾಗಿದೆ ನಿನ್ನ ಕೋಟೆ, ಬಾಗ್ಲು ಫಳಫಳ ಅಂತಿದೆ. ಟಬ್ಬಿದ್ದಿದ್ರೆ ಇನ್ನೂ ಎಷ್ಟು ದಿನ ಕೂತಿರೋಳೋ ನನ್ನಕ್ಕ. ಕಿತ್ತು ಹಾಕ್ಸಿದೆ. ಈಗ ಅವಳು ನಾರ್ತಿದೀನಿ ಅಂದ್ಕೊಂಡೇ ಸಾಯ್ತಾಳೆ."

ಚೀಲ ಹಾಕಿಕೊಂಡು ಹೋದಳು.

ಆಮೇಲೆ ನೋಡಿದರೆ ಹಳದಿ ಟೇಪು ಮೇಜಿನ ಮೇಲೇ ಇತ್ತು. ಅದನ್ನು ಎಸೆಯಬೇಕೆನ್ನಿಸಿತು. ಆದರೆ ಬೀದಿಯಲ್ಲಿ ಅವಳ ಕಾರು ಇನ್ನೂ ನಿಂತಿತ್ತು. ಹೋಗಿ ಕಿಟಕಿ ಬಡಿದೆ. ತೊಡೆಯ ಮೇಲೆ ಬಿಚ್ಚದ ಸ್ಯಾಂಡ್‌ವಿಚ್, ಮುಖವೆಲ್ಲ ಊದಿಕೊಂಡಿತ್ತು.

"ನಿನ್ ಟೇಪು."

ಅವಳು ತೆಗೆದುಕೊಂಡು ಪಕ್ಕದ ಬಾಗಿಲು ತೆರೆದಳು. ಹೊರಗೆ ಸಮುದ್ರದ ಗಾಳಿ ಚರ್ಮ ಸುಲಿಯುವಂತಿತ್ತು, ಅದಕ್ಕೇ ಕೂತೆ.

"ಬೇರೆ ಯಾರ್ನಾದ್ರೂ ಕಳ್ಸೋಕೆ ಹೇಳ್ಲಾ ಪಾಲೀನ್? ಅನುಭವ ಇರೋರ್ನ?"

"ಯಾಕೆ, ಓಡೋಗ್ಬೇಕಾ?"

"ಇಲ್ಲ. ನಿಮ್ಗೆ ನನ್ ಮುಖ ನೋಡೋಕೆ ಕಷ್ಟ ಆಗ್ಬೋದು ಅಂತ."

"ಮೊದಲ್ನೇ ದಿನದಿಂದ್ಲೂ ಕಷ್ಟಾನೇ. ಅಭ್ಯಾಸ ಆಗಿದೆ."

ಅವಳು ಟೇಪನ್ನು ಎಳೆಯುತ್ತ, ಬಿಡುತ್ತ ಕೂತಿದ್ದಳು. "ಈ ಕಾಯ್ಲೇಲಿ ಇವತ್ತಿನ ದೇಹಕ್ಕೆ ಏನೂ ಮಾಡ್ಬೇಡಿ, ಮುಂದೆ ಆಗೋ ದೇಹಕ್ಕೆ ಮಾಡಿ ಅಂತ ಕಾಲೇಜಲ್ಲಿ ಹೇಳ್ಕೊಟ್ಟಿದ್ರು. ಇಲ್ದಿದ್ರೆ ಕಾಯ್ಲೆ ನಮ್ಮನ್ನ ದಾಟ್ಕೊಂಡು ಹೋಗ್ಬಿಡುತ್ತೆ ಅಂತ. ಹಾಗೇ ಮಾಡ್ದೆ. ರಾತ್ರಿ ಎಲ್ಲ ಯೋಚ್ನೆ ಮಾಡ್ತೀನಿ, ಮತ್ತೆ ಅಂಥ ಮನೆ ಸಿಕ್ರೂ ಅದನ್ನೇ ಮಾಡ್ತೀನಿ ಅನ್ಸುತ್ತೆ. ಅದೇ ಭಯ ನನ್ಗೆ."

"ನೀನು ಸರಿಯಾಗೇ ಮಾಡಿದೀಯ" ಎಂದೆ. "ಅದಕ್ಕೇ ನಂಗೆ ಇಷ್ಟು ಸಿಟ್ಟು. ತಪ್ಪು ಮಾಡಿದ್ದಿದ್ರೆ ಬೈದು ಹಗುರಾಗ್ತಿದ್ದೆ."

ಅವಳು ಸ್ಯಾಂಡ್‌ವಿಚ್ ಬಿಚ್ಚಿ ಅರ್ಧ ನನಗೆ ಕೊಟ್ಟಳು. ಚೀಸು ಉಪ್ಪಿನಕಾಯಿ, ಬ್ರೆಡ್ಡು ಒಣಗಿತ್ತು. ತಿಂದೆವು.

ಆಮೇಲೂ ಅವಳೇ ಬರುತ್ತಿದ್ದಳು. ತಲೆಗೆ ಬೇರೆ ದಿಂಬು, ಕುರ್ಚಿಗೆ ಬೇರೆ ಒರಗು, ಏನಾದರೂ ಒಂದು ತರುವಳು. ಇನ್ನೊಂದು ಸಲ ನೋಡೋಣ ಎನ್ನುವಳು. ನೊರೀನಳಿಗೆ ಬೇಡವೆನ್ನುವ ಬಲವೂ ಉಳಿದಿರಲಿಲ್ಲ. ಒರಗುವ ಕುರ್ಚಿ ಮಂಚದ ಕಾಲ ಬಳಿ ಖಾಲಿ ನಿಂತಿರುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಭಾವ ಅವಳ ಕೂದಲು ಬಾಚುತ್ತಿದ್ದಾಗ ನೊರೀನ್ ಹೋದಳು. ಎಷ್ಟು ಸದ್ದಿಲ್ಲದೆ ಎಂದರೆ ಅವನು ಇನ್ನೂ ಸ್ವಲ್ಪ ಹೊತ್ತು ಬಾಚುತ್ತಲೇ ಇದ್ದ. ನರ್ಸ್ ಬಂದು ನೋಡಿ, ಆಗಬೇಕಾದದ್ದನ್ನು ಮಾಡಿ, ನಮ್ಮಿಬ್ಬರ ಹೆಗಲು ತಟ್ಟಿ ಹೋದಳು. ಹೆಣದ ಪೆಟ್ಟಿಗೆಯವರು ಮಧ್ಯಾಹ್ನ ಬರುವುದೆಂದಾಯಿತು.

ನಮ್ಮಲ್ಲಿ ಈಗ ಸತ್ತವರನ್ನು ಮನೆಯವರು ತೊಳೆಯುವುದಿಲ್ಲ. ಅದೆಲ್ಲ ಪೆಟ್ಟಿಗೆಯವರು ತಮ್ಮ ಹಿಂದಿನ ಕೋಣೆಯಲ್ಲಿ ಮಾಡುತ್ತಾರೆ. ಆದರೆ ನಾನು ಮಾತು ಕೊಟ್ಟಿದ್ದೆ. ಅಡುಗೆಮನೆಗೆ ಹೋಗಿ ನಿಂಬೆಹಣ್ಣು ಹೆಚ್ಚಿದೆ, ಬೋಗುಣಿಗೆ ನೀರು ತುಂಬಿದೆ. ಮತ್ತೆ ಅದೇ ಬೋಗುಣಿ, ಅದೇ ಬಟ್ಟೆ. ಕೈ ಮುಂದಕ್ಕೆ ಹೋಗಲಿಲ್ಲ.

ಆ ಹೊತ್ತಿಗೆ ಬಾಗಿಲಲ್ಲಿ ಟ್ಯಾಮ್ಸಿನ್. ಅವತ್ತು ಬರುವವಳಿದ್ದಳು, ನಮಗೆ ನೆನಪೇ ಇರಲಿಲ್ಲ. ಕಂಕುಳಲ್ಲಿ ಕುರ್ಚಿಯ ಹೊಸ ತಲೆದಿಂಬು. ಭಾವನ ಮುಖ ನೋಡಿ ಅವಳಿಗೆ ತಿಳಿಯಿತು. ಒಳಗೆ ಬಂದು ನೊರೀನಳ ಪಕ್ಕ ನಿಂತಳು, ದಿಂಬನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಎದೆಗೆ ಒತ್ತಿಕೊಂಡಿದ್ದಳು. ಜೇಬಿನಲ್ಲಿ ಫೋನು ಕೂಗಿತು. ಆಫೀಸಿನ ಹಿರಿಯಳಿರಬೇಕು.

"ಹೌದು, ಹೋಗ್ಬಿಟ್ರು... ಇಲ್ಲ, ಅಲ್ಲೇ ಇದೀನಿ... ಗೊತ್ತು ಮೇಡಂ, ನನ್ ಕೆಲ್ಸ ಮುಗೀತು ಅಂತ ಗೊತ್ತು. ಸ್ವಲ್ಪ ಹೊತ್ತಾಗುತ್ತೆ."

ಫೋನು ಆರಿಸಿ ಕೋಟು ಬಿಚ್ಚಿದಳು. ನಾನು ಟೀ ಕೊಟ್ಟೆ. ಕುಡಿದಳು.

ಆಗ ಭಾವ ಮಾತಾಡಿದ. ಬೋಗುಣಿ ನೋಡಿದ, ಖಾಲಿ ಕುರ್ಚಿ ನೋಡಿದ, ಆಮೇಲೆ ಹುಡುಗಿಯನ್ನು ನೋಡಿ ಮಗುವಿನ ಹಾಗೆ ಕೇಳಿದ.

"ಈಗ ಒರಗಿಸಿದ್ರೆ ಅವಳ್ಗೆ ಉಸಿರು ಕಟ್ಟಲ್ಲ, ಅಲ್ವಾ?"

ಟ್ಯಾಮ್ಸಿನ್ ಕಣ್ಣೊರೆಸಿಕೊಂಡು ಕುರ್ಚಿಗೆ ಹೊಸ ದಿಂಬು ಕಟ್ಟಿದಳು. ಎತ್ತುವ ಯಂತ್ರವನ್ನು ಎಳೆದು ತಂದು ಪಟ್ಟಿ ಹಾಕಿದಳು. ಮತ್ತೆ ಅದೇ ಅಭ್ಯಾಸ.

"ನೊರೀನ್, ಈಗ ಎತ್ತುತೀನಿ. ಈಗ ತಿರುಗಿಸ್ತಿದೀನಿ ನೊರೀನ್. ಎಡಗಾಲು ಮುಟ್ತಿದೀನಿ."

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಕುರ್ಚಿಯಲ್ಲಿ ಅಕ್ಕ ಒರಗಿ ಮಲಗಿದಳು, ತಲೆ ದಿಂಬಿನಲ್ಲಿ ಸರಿಯಾಗಿ ಕೂತಿತು. ಬಾಗಿಲಲ್ಲಿ ಚಕ್ರ ಎಲ್ಲೂ ತಾಗಲಿಲ್ಲ, ಹೊಸ್ತಿಲಿಲ್ಲದ ನೆಲದ ಮೇಲೆ ಕುಲುಕದೆ ಒಳಗೆ ಹೋಯಿತು. ಹುಡುಗಿ ನೀರಿನ ಬಿಸಿಯನ್ನು ತನ್ನ ಮೊಣಕೈಗೆ ಬಿಟ್ಟು ನೋಡಿ "ನೊರೀನ್, ನೀರು ಬರ್ತಿದೆ" ಎಂದಳು. ನಾನು ನಿಂಬೆಹಣ್ಣಿನಿಂದ ಬೆರಳ ಸಂದಿ, ಉಗುರು, ಮೊಣಕೈವರೆಗೆ ತಿಕ್ಕಿದೆ. ಕೀತ್ ಕೂದಲು ತೊಳೆದ. ಯಾರೂ ಅವಸರ ಮಾಡಲಿಲ್ಲ. ಬಿಸಿನೀರಿನ ಹಬೆ ಗೋಡೆಗೆಲ್ಲ ಕಟ್ಟಿ ಬಿಳಿ ಹಂಚುಗಳು ಮಸುಕಾದವು. ಎಷ್ಟೋ ತಿಂಗಳ ಮೇಲೆ ಆ ಮನೆ ಸಂಜೆಯ ನೊರೀನಳ ಹಾಗೆ ಘಮಘಮಿಸಿತು.

ಎಲ್ಲ ಮುಗಿದ ಮೇಲೆ ಭಾವ ಅವಳ ಒದ್ದೆ ಕೈಯನ್ನು ತಾನೇ ಎತ್ತಿಕೊಂಡು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದಿದ್ದ.

"ನಿಂಬೆ" ಎಂದ.

ಟ್ಯಾಮ್ಸಿನ್ ನಲ್ಲಿ ನಿಲ್ಲಿಸಿದಳು. ಒಂದು ಹನಿಯೂ ನಿಲ್ಲದೆ ನೀರು ಇಳಿಜಾರಿನಲ್ಲಿ ಹರಿದು ಮೂಲೆಯ ಜಾಲರಿಯೊಳಗೆ ಇಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತ ಗೋಡೆಗೆ ಒರಗಿ ನಿಂತಿದ್ದಳು, ತೋಳೆಲ್ಲ ನೆನೆದಿತ್ತು.

"ಅಳತೆ ಸರಿಯಾಗೇ ಇತ್ತು ಪಾಲೀನ್" ಎಂದಳು. "ಎಲ್ಲಾ ಸರಿಯಾಗೇ ಇತ್ತು."

"ಹೌದು ಮರಿ" ಎಂದೆ. "ಒಂದಿಂಚೂ ತಪ್ಪಿಲ್ಲ."